ಕೇರಿಯೊಳಗಿನ ಸಂಬೋಧನೆ: ಕೂಡ್ಲಿಗಿ ಸೀಮೆಯ ಮಾತುಕತೆಯಲ್ಲಿ ಬಯ್ಗುಳವಾದ ಜಾತಿಪದದ ಮರುವಶ

2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ಏಕಸದಸ್ಯ ಆಯೋಗವು ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿದಾಗ ನಾನು ಕೂಡ್ಲಿಗಿ ತಾಲ್ಲೂಕಿನ ನಮ್ಮ ಮನೆಯಲ್ಲಿದ್ದೆ. ಗಣತಿಗೆ ಬಂದವರು ಜಾತಿ ಕೇಳಿದರು. ತಾಯಿ ಮೊದಲು ‘ಎಸ್ಸಿ’ ಎಂದರು. ಅದರಲ್ಲಿ ಯಾವುದೆಂದು ಕೇಳಿದಾಗ ‘ಎ.ಕೆ.’ ಎಂದರು. ಮೂಲ ಜಾತಿ ಹೇಳಬೇಕೆಂದಾಗ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಮಾದಿಗ್ರು ರಿ’ ಎಂದರು. ಅದಕ್ಕೆ ಹತ್ತು ನಿಮಿಷ ಮೊದಲು, ಉಣ್ಣದೆ ಹೊರಟಿದ್ದ ತಮ್ಮನನ್ನು ಅವರು ಅಂಗಳದಿಂದಲೇ ಕೂಗಿದ್ದರು: ‘ಏ ಮಾದ್ಗ, ಉಂಡು ಹೋಗಲೇ.’ ಒಂದೇ ಪದವನ್ನು ಒಂದೇ ಬಾಯಿ ಒಮ್ಮೆ ಕೂಗಿ ಹೇಳಿತ್ತು, ಇನ್ನೊಮ್ಮೆ ಪಿಸುಗುಟ್ಟಿತು. ಈ ಎರಡು ಉಚ್ಚಾರಣೆಗಳ ನಡುವಿನ ಅಂತರವೇ ಪ್ರಸ್ತುತ ಲೇಖನದ ವಿಷಯ.

ಇಲ್ಲಿ ಚರ್ಚಿಸುವ ಬಳಕೆಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳವು. ಅಂದರೆ ಹೊಸಪೇಟೆಯೊಂದನ್ನು ಬಿಟ್ಟರೆ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಉಳಿದ ಭಾಗ. ನಾನು ಈ ಭಾಷಾ ಸಮುದಾಯದ ಒಳಗಿನವನು. ಬಯ್ಗುಳವನ್ನು ಚುಕ್ಕೆಗಳಿಂದ ಮರೆಮಾಡುವ ಪರಿಪಾಠವನ್ನು ಅನುಸರಿಸಿಲ್ಲ. ಅದು ಓದುಗರ ಮುಜುಗರವನ್ನು ತಗ್ಗಿಸುತ್ತದೆಯೇ ಹೊರತು ಪದವನ್ನು ಹೊತ್ತವರ ಭಾರವನ್ನಲ್ಲ.

‘ಹೊಲೆಯ’, ‘ಮಾದಿಗ’ ಎಂಬ ಎರಡು ಪದಗಳಿಗೆ ಹೀನಾರ್ಥ ಒದಗಿದ ಬಗೆ ಒಂದೇ ಅಲ್ಲ. ಹೊಲೆಯ ಎಂಬುದರ ಹಳಗನ್ನಡ ರೂಪ ‘ಪೊಲೆಯ’. ಮೊದಲ ಪಕಾರ ಹಕಾರವಾಗಿರುವುದು ಕನ್ನಡದ ಸಾಮಾನ್ಯ ಧ್ವನಿಪಲ್ಲಟ. ‘ಹೊಲೆ’ ಎಂದರೆ ಮೈಲಿಗೆ, ಸೂತಕ. ತಮಿಳಿನ ‘ಪುಲೈಯನ್’, ಮಲಯಾಳಂನ ‘ಪುಲಯನ್’ ಇದರ ಸಜಾತಿಗಳು. ‘ಹೊಲೆಯ ಎಂದರೆ ಹೊಲದವನು, ಭೂಮಿಯ ಮೂಲ ಒಡೆಯ’ ಎಂಬ ವಿವರಣೆ ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ರೂಪರಚನೆ ಇದನ್ನು ಒಪ್ಪುವುದು ಕಷ್ಟ. ‘ಹೊಲ’ಕ್ಕೆ ‘ಅ’ ಪ್ರತ್ಯಯ ಹತ್ತಿದರೆ ನಡುವೆ ಎಕಾರ ಹೇಗೆ ಬಂದೀತು? ‘ಹೊಲೆ’ಯಿಂದಾದರೆ ಯಕಾರಾಗಮ ಸಹಜ. ಆದರೂ ಈ ಜಾನಪದ ನಿರುಕ್ತಿಯನ್ನು ತಪ್ಪೆಂದು ತಿದ್ದಿ ಸುಮ್ಮನಾಗುವುದು ಭಾಷಾವಿಜ್ಞಾನಿಯ ಅವಸರವಾದೀತು. ಪದದ ಚರಿತ್ರೆಯ ಬಗ್ಗೆ ಅದು ಏನನ್ನೂ ತಿಳಿಸದಿರಬಹುದು. ಮೈಲಿಗೆಯ ಜಾಗದಲ್ಲಿ ನೆಲವನ್ನು ಇಡುವ ಮೂಲಕ ಆ ಪದವನ್ನು ಹೊತ್ತವರು ಅದನ್ನು ಹೇಗೆ ಕೇಳಿಸಿಕೊಳ್ಳಲು ಬಯಸುತ್ತಾರೆಂಬುದನ್ನು ಮಾತ್ರ ಖಚಿತವಾಗಿ ತಿಳಿಸುತ್ತದೆ. ಮಾದಿಗ ಪದದ ಸ್ಥಿತಿ ಬೇರೆ. ಅದರ ಜೊತೆಗಿರುವ ‘ಮಾದಾರ’ ರೂಪಕ್ಕೆ ಮಾದಾರ ಚೆನ್ನಯ್ಯನ ಹೆಸರಿನ ಬೆಂಬಲವಿದೆ. ಬಸವಣ್ಣ ತನ್ನನ್ನು ಚೆನ್ನಯ್ಯನ ವಂಶಕ್ಕೆ ಸೇರಿಸಿಕೊಂಡದ್ದನ್ನು ವಚನಗಳ ಓದುಗರೆಲ್ಲ ಬಲ್ಲರು. ನಮ್ಮ ಸೀಮೆಯಲ್ಲಿ ಜಗಳಕ್ಕೆ ನಿಂತವರು ‘ಮಾದಾರ’ ಎಂದು ಬಯ್ದದ್ದನ್ನು ನಾನು ಕೇಳಿಲ್ಲ.

ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನಲ್ಲಿ ಮರುವಶವಾದ ಬಯ್ಗುಳಕ್ಕೂ ಮೂಲ ಬಯ್ಗುಳಕ್ಕೂ ಪದಾಂತ್ಯದ ಉಚ್ಚಾರಣೆಯಲ್ಲಿ ಭೇದವನ್ನು ಗುರುತಿಸುವುದುಂಟು. ನಮ್ಮಲ್ಲಿ ಅಂಥ ಅನುಕೂಲವಿಲ್ಲ. ‘ಮಾದಿಗ’ ‘ಮಾದ್ಗ’ ಆಗುವುದು ಪದಮಧ್ಯದ ಸ್ವರಲೋಪದಿಂದ. ಸಿಟ್ಟಿಗೂ ಸಲಿಗೆಗೂ ಅದು ಸಮಾನ. ‘ಲೇ’ ಎರಡರಲ್ಲೂ ಬರುತ್ತದೆ. ವ್ಯತ್ಯಾಸ ಕಾಣುವುದು ಮುಂದಿನ ಕ್ರಿಯಾಪದದಲ್ಲಿ. ಸಲಿಗೆಯ ಸಂಬೋಧನೆಯ ಬೆನ್ನಿಗೆ ‘ಬಾ’, ‘ಉಣ್ಣು’, ‘ಚಾ ಕುಡಿಯಾನ’ ಎಂಬಂಥ ಕರೆಯುವ ಕ್ರಿಯೆಗಳು ಬರುತ್ತವೆ. ಬಯ್ಗುಳದ ಬೆನ್ನಿಗೆ ಬರುವುದು ‘ನನ್ನ ಮಗನೆ’ ಎಂಬ ಪದಪುಂಜ, ಇಲ್ಲವೆ ಮೌನ. ಸ್ತ್ರೀಲಿಂಗ ರೂಪಗಳ ಪಾಡು ಇನ್ನೂ ಕಷ್ಟ. ‘ಹೊಲತಿ’, ‘ಮಾದಿಗಿತ್ತಿ’ ಎಂಬಿವು ಗೆಳತಿಯರ ನಡುವಿನ ಸಲಿಗೆಯ ಸಂಬೋಧನೆಯಾಗಿ ನನ್ನ ಕಿವಿಗೆ ಬಿದ್ದಿಲ್ಲ. ತಮ್ಮನನ್ನು ‘ಮಾದ್ಗ’ ಎಂದು ಕೂಗುವ ತಾಯಿ ತಂಗಿಯನ್ನು ಹೆಸರಿಡಿದೇ ಕರೆಯುತ್ತಾರೆ. ಮರುವಶವಾದದ್ದು ಪುಲ್ಲಿಂಗ ಮಾತ್ರವೋ ಏನೋ.

ಸಾಹಿತ್ಯದಲ್ಲಿ ಈ ಪದಗಳು ತಲೆಯೆತ್ತಿದ್ದು 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನದ ಮುಖಪುಟದಲ್ಲಿ. ಅದರ ಧೈರ್ಯವನ್ನು ಎಲ್ಲರೂ ಗುರುತಿಸಿದ್ದಾರೆ. ನನ್ನ ಗಮನ ಆ ಶೀರ್ಷಿಕೆಯ ಸಮಾಸದ ಮೇಲಿದೆ. ಪರಸ್ಪರ ಹೆಣ್ಣು ಕೊಟ್ಟು ತರದ ಎರಡು ಜಾತಿಗಳನ್ನು ದ್ವಂದ್ವಸಮಾಸವೊಂದು ಒಂದುಗೂಡಿಸಿತು. ಪೂರ್ವಪದವು ತನ್ನ ಪ್ರತ್ಯಯ ಕಳೆದುಕೊಂಡಿತು. ಬಹುವಚನವೂ ವಿಭಕ್ತಿಯೂ ಉತ್ತರಪದದ ಕೊನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಸಲ ಬಂದವು. ಅರ್ಧ ಶತಮಾನದ ಬಳಿಕ ಒಳಮೀಸಲಾತಿಯ ಪ್ರಶ್ನೆ ಈ ಸಮಾಸವನ್ನು ಮತ್ತೆ ಬಿಡಿಸಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಅವಕಾಶ ನೀಡಿತು. ಅಲ್ಲಿಂದ ಮುಂದೆ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರುಗಳು ಸಾಲದಾದವು. 1920ರ ದಶಕದ ಆದಿ ಚಳವಳಿಗಳ ಕಾಲದಲ್ಲಿ ಘನತೆಗಾಗಿ ತೊಟ್ಟ ಹೆಸರುಗಳವು; ಆದರೆ ಒಂದೇ ಹೆಸರು ಒಂದು ಜಿಲ್ಲೆಯಲ್ಲಿ ಹೊಲೆಯರನ್ನೂ ಇನ್ನೊಂದರಲ್ಲಿ ಮಾದಿಗರನ್ನೂ ಸೂಚಿಸುತ್ತದೆ. ಹೀಗಾಗಿ ಸೌಮ್ಯೋಕ್ತಿಯು ಅಸ್ಪಷ್ಟವಾಯಿತು, ಬಯ್ಗುಳವೇ ನಿಖರ ಪಾರಿಭಾಷಿಕ ಪದವಾಯಿತು. ತಾಯಿ ಪಿಸುಗುಟ್ಟಿದ್ದು ಆ ನಿಖರತೆಯ ಬೆಲೆ. ಆಂಧ್ರದಲ್ಲಿ 1994ರಲ್ಲಿ ಆರಂಭವಾದ ದಂಡೋರ ಚಳವಳಿಯ ಮಂದ ಕೃಷ್ಣ ಮಾದಿಗ ಅವರು ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. ‘ರೆಡ್ಡಿ’, ‘ಗೌಡ’ಗಳು ಕೂರುವ ನಾಮಾಂತ್ಯದ ಸ್ಥಾನದಲ್ಲೇ ಅವರು ‘ಮಾದಿಗ’ವನ್ನು ಕೂರಿಸಿದರು. ಪದವನ್ನು ಬದಲಿಸದೆ ಅದರ ಪದವಿಯನ್ನು ಬದಲಿಸಿದ ಕ್ರಮವಿದು.

ಕಾನೂನಿಗೂ ಇಲ್ಲಿ ಒಂದು ಅರ್ಥವಿಜ್ಞಾನವಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯು, ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಸ್ಥಳದಲ್ಲಿ ಪರಿಶಿಷ್ಟರನ್ನು ಜಾತಿಯ ಹೆಸರಿಡಿದು ಬಯ್ಯುವುದನ್ನು ಪ್ರತ್ಯೇಕ ಅಪರಾಧವೆಂದು ಸೇರಿಸಿತು. ಆದರೆ ಆ ಕಲಮಿನ ಆರಂಭದಲ್ಲೇ, ಅಪರಾಧಿಯು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವನಾಗಿರಬಾರದೆಂಬ ನಿಬಂಧನೆ ಇದೆ. ಅಂದರೆ ಶಾಸನವು ಪದವನ್ನು ನಿಷೇಧಿಸಿಲ್ಲ. ವಕ್ತೃ, ಶ್ರೋತೃ, ಸ್ಥಳ ಎಂಬ ಮೂರನ್ನು ಕೂಡಿಸಿ ಅರ್ಥ ಹೇಳಿದೆ. ಬಯ್ಗುಳ ನಿಘಂಟಿನಲ್ಲಿಲ್ಲ, ಸಂದರ್ಭದಲ್ಲಿದೆ ಎಂದು ನಾವು ಪ್ರಬಂಧಗಳಲ್ಲಿ ಹೇಳುವುದನ್ನು ಸಂಸತ್ತು ಹೀಗೆ ಬರೆದಿಟ್ಟಿದೆ. ಕೇರಿಯ ಬಳಕೆ ಇದಕ್ಕೆ ನಾಲ್ಕನೆಯ ಅಂಶವನ್ನು ಸೇರಿಸುತ್ತದೆ: ಅಕ್ಕಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿರುವವರು. ಮಾತಾಡುವವನು, ಕೇಳುವವನು ಇಬ್ಬರೂ ಒಳಗಿನವರಾಗಿದ್ದರೂ ಮೂರನೆಯ ಕಿವಿ ಹೊರಗಿನದಾದರೆ ಸಲಿಗೆ ನಿಂತುಹೋಗುತ್ತದೆ. ನಮ್ಮ ತಾಯಿ ಬಾಗಿಲ ಕಡೆ ನೋಡಿದ್ದು ಅದಕ್ಕೇ.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಶಾಲೆಯ ದಿನಗಳ ಗೆಳೆಯನೊಬ್ಬ ರಸ್ತೆಯಾಚೆಯ ಚಹಾದಂಗಡಿಯಿಂದ ‘ಏ ಮಾದ್ಗ ಮೇಷ್ಟ್ರೇ, ಬರ್ರಿ’ ಎಂದು ಕೂಗಿದ. ಏಕವಚನದ ಜಾತಿಪದ, ಗೌರವದ ‘ಮೇಷ್ಟ್ರೇ’, ಬಹುವಚನದ ಕ್ರಿಯೆ: ವ್ಯಾಕರಣದ ಪ್ರಕಾರ ಹೊಂದದ ಈ ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆನಿಸಿತು. ಹೋಗಿ ಕೂತೆ, ನಕ್ಕೆವು. ಅಂಗಡಿಯವನೂ ನಕ್ಕ. ಲೋಟ ಮುಂದಿಡುತ್ತ ಅದೇ ಧಾಟಿಯಲ್ಲಿ, ‘ತಗೋರಿ ಮಾದ್ಗ ಮೇಷ್ಟ್ರೇ’ ಎಂದ. ಅವನ ದನಿಯಲ್ಲಿ ಕೇಡಿರಲಿಲ್ಲ. ಗೆಳೆಯ ತನ್ನ ಲೋಟವನ್ನು ಕೆಳಗಿಟ್ಟ. ‘ನೀ ಅನಬ್ಯಾಡ’ ಎಂದಷ್ಟೇ ಹೇಳಿದ. ಅಂಗಡಿಯವನು ‘ನೀವಾ ಅಂದ್ರಿ’ ಎಂದು ಗೊಣಗಿ ಒಲೆಯ ಕಡೆ ತಿರುಗಿದ. ನಾನು ಚಹಾ ಕುಡಿದೆ; ಆ ವಾಕ್ಯವನ್ನು ಅವತ್ತು ಬರೆದುಕೊಳ್ಳಲಿಲ್ಲ.