ಉಪ್ಪಿನಲ್ಲಿ ಅಣುವಿಲ್ಲ

ರಾಸಾಯನಿಕ ಬಂಧ ಎಂದರೇನು ಎಂದು ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ: ಪರಮಾಣುವಿಗೆ ಹೊರಕವಚದಲ್ಲಿ ಎಂಟು ಇಲೆಕ್ಟ್ರಾನ್ ಬೇಕು, ಅದಕ್ಕೆ ಸೋಡಿಯಂ ಒಂದನ್ನು ಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ, ಅದೇ ಬಂಧ. ಪರೀಕ್ಷೆಯಲ್ಲಿ ಇದಕ್ಕೆ ಅಂಕವೂ ಸಿಗುತ್ತದೆ. ಆದರೆ ಈ ಉತ್ತರದಲ್ಲಿ ಬಂಧದ ಮಾತೇ ಇಲ್ಲ. ಕೊಟ್ಟಾಯಿತು, ಪಡೆದಾಯಿತು, ಆಮೇಲೆ ಎರಡೂ ತಂತಮ್ಮ ದಾರಿ ಹಿಡಿಯದೆ ಜೊತೆಗೇಕೆ ನಿಂತವು?

ಕಾಚಿಗೂಡದಲ್ಲಿ ಈ ಪಾಠಕ್ಕೆ ಇನ್ನೊಂದು ಸುತ್ತು ಇದೆ. ಹೈದರಾಬಾದ್ ಕನ್ನಡಿಗರ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎರಡೂ ಇರುವ ಪ್ರದೇಶ ಅದು. ಇಲ್ಲಿಯ ಮಕ್ಕಳ ಬಂಧುಬಳಗ ರಾಯಚೂರು, ಕಲಬುರಗಿ, ಬೀದರಿನಲ್ಲಿ ಓದುತ್ತಿರುತ್ತದೆ. ರಜೆಗೆ ಸೇರಿದಾಗ ಪುಸ್ತಕ ಹೋಲಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಎನ್‌ಸಿಇಆರ್‌ಟಿ ಮಾದರಿಯ ಕರ್ನಾಟಕದ ಪುಸ್ತಕದಲ್ಲಿ ಅಯಾನಿಕ ಬಂಧ ಲೋಹ-ಅಲೋಹಗಳ ಪಾಠದೊಳಗೆ, ಸಹವೇಲೆನ್ಸೀಯ ಬಂಧ ಕಾರ್ಬನ್ನಿನ ಪಾಠದೊಳಗೆ ಬರುತ್ತದೆ. ತೆಲಂಗಾಣದ ಫಿಸಿಕಲ್ ಸೈನ್ಸ್ ಪುಸ್ತಕ ಬಂಧಕ್ಕೇ ಒಂದು ಪಾಠ ಮೀಸಲಿಟ್ಟು ಹೈಬ್ರಿಡೈಸೇಷನ್‌ವರೆಗೆ ಎಳೆದೊಯ್ಯುತ್ತದೆ. ಅಲ್ಲಿ ವಿಷಯ ಹಂಚಿಹೋಗಿದೆ, ಇಲ್ಲಿ ಹದಿನೈದರ ಪ್ರಾಯಕ್ಕೆ ಭಾರವಾಗಿದೆ. ನನ್ನನ್ನು ಕೇಳಿದರೆ, ಎರಡಕ್ಕೂ ಮೊದಲು ಬೇಕಾದದ್ದು ಒಂದು ಚಮಚ ಉಪ್ಪು.

ಸ್ಟೀಲ್ ಚಮಚದಲ್ಲಿ ಮೊದಲು ಮೇಣದ ಚೂರು, ಆಮೇಲೆ ಸಕ್ಕರೆ, ಕೊನೆಗೆ ಉಪ್ಪು ಹಾಕಿ ಮೊಂಬತ್ತಿಯ ಉರಿಗೆ ಹಿಡಿಯಿರಿ. ಮೇಣ ಆಗಲೇ ನೀರಾಗುತ್ತದೆ. ಸಕ್ಕರೆ ಕರಗಿ, ಕಂದಾಗಿ, ಸುಟ್ಟ ವಾಸನೆ ಹೊಡೆಯುತ್ತದೆ. ಉಪ್ಪು ಒಂದೆರಡು ಸಲ ಚಟಚಟ ಎಂದು ಸುಮ್ಮನಾಗುತ್ತದೆ. ಅದು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಮುಂದಿನದಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ, 330 ಓಮ್ ರೆಸಿಸ್ಟರ್ ಸಾಕು. ಪಕ್ಕದ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲ್ಲ ಸಿಗುತ್ತವೆ. ತಂತಿಯ ಎರಡು ತುದಿಗೆ ಪೆನ್ಸಿಲ್ ಕಡ್ಡಿ ಕಟ್ಟಿ. ಒಣ ಉಪ್ಪಿನಲ್ಲಿ ಊರಿದರೆ ದೀಪ ಹತ್ತುವುದಿಲ್ಲ, ಉಪ್ಪುನೀರಿನಲ್ಲಿ ಹತ್ತುತ್ತದೆ, ಸಕ್ಕರೆನೀರಿನಲ್ಲಿ ಇಲ್ಲ. ಒಂದು ಎಚ್ಚರ: ಬೋರಿನ ನೀರಿನಲ್ಲಿ ಲವಣ ಇರುವುದರಿಂದ ಬರಿಯ ನೀರಿಗೇ ದೀಪ ಮಿಣಮಿಣ ಎನ್ನಬಹುದು. ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಮೊದಲು ಬರಿ ನೀರನ್ನೇ ಪರೀಕ್ಷಿಸಿ. ಉಪ್ಪುನೀರಿನಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಅದು ಕ್ಲೋರಿನ್; ಕಿಟಕಿ ತೆರೆದು, ಪ್ರಯೋಗ ನಿಲ್ಲಿಸಿ.

ಈಗ ಉಪ್ಪಿನ ಹರಳಿನ ಒಳಕ್ಕೆ ಹೋಗೋಣ. ಅಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಎಂದು ಜೋಡಿ ಕಟ್ಟಿಕೊಂಡ ಅಣುಗಳಿಲ್ಲ. ಚದುರಂಗದ ಹಲಗೆಯನ್ನು ಮೇಲಕ್ಕೂ ಕೆಳಕ್ಕೂ ಪೇರಿಸಿದಂತೆ ಧನ, ಋಣ ಅಯಾನುಗಳು ಸರದಿಯಲ್ಲಿ ನಿಂತಿವೆ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಇಲೆಕ್ಟ್ರಾನ್ ಕೊಟ್ಟದ್ದು ಯಾರು, ಪಡೆದದ್ದು ಯಾರು ಎಂಬ ಹಿಂದಿನ ಕಥೆ ಅಲ್ಲಿ ನಡೆಯುವುದಿಲ್ಲ. ಆರೂ ಕಡೆಗೆ ಸೆಳೆತ ಸಮ. ಆ ಸೆಳೆತವೇ ಬಂಧ. ಒಣ ಹರಳಿನಲ್ಲಿ ಅಯಾನುಗಳು ಜಾಗ ಬಿಟ್ಟು ಕದಲವು, ಹಾಗಾಗಿ ದೀಪ ಹತ್ತದು. ನೀರಿನಲ್ಲಿ ಬಿಡಿಯಾದಾಗ ಓಡಾಡುತ್ತವೆ, ಹತ್ತುತ್ತದೆ.

ಇನ್ನು "ಸೋಡಿಯಂ ಇಲೆಕ್ಟ್ರಾನ್ ಕೊಡಲು ಬಯಸುತ್ತದೆ" ಎಂಬ ಮಾತು. ಅದು ಬಯಸುವುದಿಲ್ಲ, ಕಿತ್ತುಕೊಳ್ಳಬೇಕು. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಇಲೆಕ್ಟ್ರಾನ್ ತೆಗೆಯಲು 496 ಕಿಲೋಜೌಲ್ ಖರ್ಚು. ಅವನ್ನು ಕ್ಲೋರಿನ್ ಪರಮಾಣುಗಳು ಪಡೆದಾಗ ಮರಳಿ ಬರುವುದು 349 ಮಾತ್ರ. ಕೊಡು-ಕೊಳ್ಳುವಿಕೆ ಇಷ್ಟಕ್ಕೇ ಮುಗಿದಿದ್ದರೆ 147 ಕಿಲೋಜೌಲ್ ನಷ್ಟ. ನಷ್ಟ ತುಂಬಿಕೊಡುವುದು ಅಯಾನುಗಳೆಲ್ಲ ಹತ್ತಿರ ಬಂದು ಹರಳಾಗುವಾಗ ಬಿಡುಗಡೆಯಾಗುವ ಸುಮಾರು 787 ಕಿಲೋಜೌಲ್. ಎಂಟು ತುಂಬಿತು ಎಂಬ ಸಮಾಧಾನದಿಂದ ಉಪ್ಪು ಹುಟ್ಟಿದ್ದಲ್ಲ, ಈ ಲಾಭದಿಂದ. ಹಲಗೆಯ ಮೇಲೆ ಈ ಮೂರು ಅಂಕಿ ಬರೆದು ಕೂಡಿ-ಕಳೆಯಲು ಹೇಳಿದರೆ ಮಕ್ಕಳು ಮತ್ತೆ 'ಬಯಕೆ'ಯ ಮಾತೆತ್ತುವುದು ಕಡಿಮೆ.

ಎಂಟರ ಲೆಕ್ಕ ಸುಳ್ಳೆಂದಲ್ಲ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ, ಕಾಚಿಗೂಡದ ರೈಲು ನಿಲ್ದಾಣ ಎದ್ದ ವರ್ಷವೇ, ಎರಡು ಪರಮಾಣುಗಳು ಇಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳಬಲ್ಲವು ಎಂದು ಬರೆದರು. ಅದೇ ವರ್ಷ ಜರ್ಮನಿಯ ಕೊಸೆಲ್ ಅಯಾನುಗಳ ವಿಚಾರ ಮಂಡಿಸಿದರು. ನಾವು ಇಂದಿಗೂ ಹಾಕುವ ಚುಕ್ಕಿಚಿತ್ರಗಳು ಲೂಯಿಸರವು. ಆದರೆ ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನಿಗೆ ಆರೇ ಇಲೆಕ್ಟ್ರಾನ್, ಫಾಸ್ಫರಸ್ ಪೆಂಟಾಕ್ಲೋರೈಡಿನಲ್ಲಿ ಫಾಸ್ಫರಸ್ಸಿನ ಸುತ್ತ ಹತ್ತು. ಎಂಟು ಎಂಬುದು ಎಣಿಸಲು ಅನುಕೂಲದ ಸೂತ್ರ, ಕಾರಣವಲ್ಲ. ಇಲೆಕ್ಟ್ರಾನ್ ಹಂಚಿಕೊಳ್ಳುವ ಸಹವೇಲೆನ್ಸೀಯ ಬಂಧದಲ್ಲೂ ಕಾರಣ ಅದೇ ಸೆಳೆತ: ನಡುವಿನ ಋಣ ಇಲೆಕ್ಟ್ರಾನ್ ಜೋಡಿಯನ್ನು ಎರಡೂ ಕಡೆಯ ಧನ ನ್ಯೂಕ್ಲಿಯಸ್‌ಗಳು ಎಳೆದು ಹಿಡಿದಿರುತ್ತವೆ.

ಸಹವೇಲೆನ್ಸೀಯ ಬಂಧದ ಮೇಣ ಬೇಗ ಕರಗಿತಲ್ಲ, ಹಾಗಾದರೆ ಆ ಬಂಧ ದುರ್ಬಲವೇ? ಜಾಣ ಮಕ್ಕಳೂ ಮುಗ್ಗರಿಸುವ ಜಾಗ ಇದು. ಮೇಣ ಕರಗುವಾಗ ಅಣುವಿನೊಳಗಿನ ಒಂದು ಬಂಧವೂ ಮುರಿಯುವುದಿಲ್ಲ. ಅಣು-ಅಣುಗಳ ನಡುವಿನ ಸಡಿಲ ಸೆಳೆತ ಮಾತ್ರ ಬಿಡುತ್ತದೆ. ಸಕ್ಕರೆ ಕಂದಾದಾಗ ಮಾತ್ರ ಬಂಧಗಳು ಮುರಿದವು. ಸಹವೇಲೆನ್ಸೀಯ ಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಹೈದರಾಬಾದಿನ ಮಕ್ಕಳು ಉದಾಹರಣೆ ದೂರ ಹುಡುಕಬೇಕಿಲ್ಲ, ವಜ್ರ ಇದೆ. ಕೃಷ್ಣಾ ದಂಡೆಯ ಕೊಲ್ಲೂರಿನಂಥ ಗಣಿಗಳ ವಜ್ರಗಳು ಗೋಲ್ಕೊಂಡದ ಹೆಸರಿನಲ್ಲೇ ಜಗತ್ತಿಗೆ ಹೋದವು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಗದ ಹಾರದಂತೆ ಇಡುತ್ತಿದ್ದ ಜೇಕಬ್ ವಜ್ರ ಮಾತ್ರ ದಕ್ಷಿಣ ಆಫ್ರಿಕದ್ದು. ಸುಮಾರು 185 ಕ್ಯಾರೆಟ್, ಎಂದರೆ 37 ಗ್ರಾಂ. ವಜ್ರದ ಒಳಗೆ ಪ್ರತಿ ಕಾರ್ಬನ್ ನಾಲ್ಕು ಕಾರ್ಬನ್‌ಗಳಿಗೆ ಸಹವೇಲೆನ್ಸೀಯವಾಗಿ ಅಂಟಿದೆ, ಆ ಜಾಲ ಎಲ್ಲೂ ಕಡಿಯುವುದಿಲ್ಲ. ಉಪ್ಪಿನಲ್ಲಿ ಅಣುವೇ ಇಲ್ಲ. ನಿಜಾಮರ ಮೇಜಿನ ಮೇಲಿದ್ದ ಆ ಇಡೀ ಕಲ್ಲು ಒಂದೇ ಅಣು.

ಎರಡು ಬಗೆಯ ಬಂಧವೆಂದರೆ ಎರಡು ಡಬ್ಬಿ ಎಂದು ಮಕ್ಕಳು ತಿಳಿದರೆ ಹೈಡ್ರೋಜನ್ ಕ್ಲೋರೈಡನ್ನು ಮುಂದಿಡಿ. ಸಹವೇಲೆನ್ಸೀಯ ಅನಿಲ ಅದು, ಆದರೂ ಅದರ ನೀರಿನ ದ್ರಾವಣವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ದೀಪ ಚೆನ್ನಾಗಿ ಹತ್ತುತ್ತದೆ. ನೀರಿನಲ್ಲಿ ಅದರ ಅಣುಗಳು ಅಯಾನುಗಳಾಗಿ ಬಿಡಿಯಾಗುತ್ತವೆ. ಅನಿಲದಲ್ಲಿರುವಾಗಲೂ ಜೋಡಿ ಇಲೆಕ್ಟ್ರಾನನ್ನು ಕ್ಲೋರಿನ್ ತನ್ನತ್ತ ಹೆಚ್ಚು ಜಗ್ಗಿಕೊಂಡಿರುತ್ತದೆ. ರಸಾಯನ ವಿಜ್ಞಾನಿ ಪಾಲಿಂಗ್ 1932ರಲ್ಲಿ ಈ ಜಗ್ಗುವಿಕೆಗೆ ಅಳತೆಗೋಲು ಕೊಟ್ಟರು. ಶಾಲೆಯ ಪಟ್ಟಿಗಳಲ್ಲಿ ಸೋಡಿಯಂ 0.9, ಹೈಡ್ರೋಜನ್ 2.1, ಕ್ಲೋರಿನ್ 3.0 ಎಂದಿರುತ್ತದೆ. ಉಪ್ಪಿನಲ್ಲಿ ಅಂತರ 2.1, ಹೈಡ್ರೋಜನ್ ಕ್ಲೋರೈಡಿನಲ್ಲಿ 0.9, ಎರಡು ಕ್ಲೋರಿನ್‌ಗಳ ನಡುವೆ ಸೊನ್ನೆ. ಈ ಮೂರನ್ನು ಒಂದು ಗೆರೆಯ ಮೇಲೆ ಗುರುತಿಸಿ, ನೀರು ಎಲ್ಲಿ ಕೂರುತ್ತದೆ ಎಂದು ಮಕ್ಕಳನ್ನೇ ಕೇಳಬಹುದು. ಆಕ್ಸಿಜನ್ನಿನ ಬೆಲೆ 3.5.