ಪಗೋಡದ ನೆರಳಿನ ಬಾಡಿಗೆದಾರರು

ಸ್ಯಾನ್ ಫ್ರಾನ್ಸಿಸ್ಕೋ ನಗರದ ಗಿಯರಿ ಬುಲೆವಾರ್ಡ್ ಎಂಬ ಅಗಲ ರಸ್ತೆಯ ಪಕ್ಕದಲ್ಲಿ ಸುಮಾರು ನೂರು ಅಡಿ ಎತ್ತರದ, ಐದು ಅಂತಸ್ತಿನ ಕಾಂಕ್ರೀಟ್ ಪಗೋಡವೊಂದಿದೆ. ಅದರ ಎಡಬಲಕ್ಕೆ ಮೂರು ಬ್ಲಾಕುಗಳುದ್ದ ಹಬ್ಬಿರುವ ತಗ್ಗು ಕಟ್ಟಡಗಳ ಸಮುಚ್ಚಯವೇ ಜಪಾನ್ ಸೆಂಟರ್. ಒಳಗೆ ಮರದ ಜಾಲರಿಯ ಕಿಟಕಿಗಳು, ಕಾಗದದ ದೀಪಗಳು, ಹೋಟೆಲುಗಳ ಮುಂದಿನ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಡಿಟ್ಟ ಸುಶಿ ಮತ್ತು ರಾಮೆನ್ ಬಟ್ಟಲುಗಳು. ಮಾಂಗಾ ಪುಸ್ತಕಗಳಿಗೆ ಕಿನೊಕುನಿಯಾ, ಅಗ್ಗದ ಮನೆಸಾಮಾನಿಗೆ ಡೈಸೊ, ಅಕ್ಕಿ-ಮಿಸೊಗಳಿಗೆ ನಿಜಿಯಾ. ಜೊತೆಗೆ ಜಪಾನಿ ಮಾದರಿಯ ಸ್ನಾನಗೃಹ, ಸಿನಿಮಾ ಮಂದಿರ, ವಸತಿ ಹೋಟೆಲು. ವೆಬ್‌ಸ್ಟರ್ ಬೀದಿಯ ಮೇಲೆ ಹಾಯುವ ಸೇತುವೆಯ ಒಳಗೂ ಅಂಗಡಿಗಳಿವೆ. ಜಪಾನನ್ನು ಕಣ್ಣಾರೆ ಕಂಡು ಬಂದವರು ಇದನ್ನು ನೋಡಿ ಮೂಗು ಮುರಿಯುವುದುಂಟು. ಇದು ಜಪಾನೂ ಅಲ್ಲ, ಅಮೆರಿಕವೂ ಅಲ್ಲ, ಸಿನಿಮಾ ಸೆಟ್ಟು ಎನ್ನುತ್ತಾರೆ. ಆಕ್ಷೇಪ ಪೂರ್ತಿ ಸುಳ್ಳಲ್ಲ, ಆದರೆ ಅದು ಬೆರಳಿಡುವ ಜಾಗ ಬೇರೆಯಾಗಬೇಕಿತ್ತು. ಇಂಥ ತಾಣ ಎಷ್ಟು ಅಸಲಿ ಎಂದು ತಿಳಿಯಲು ಚಾವಣಿಯ ಓರೆಕೋರೆ ನೋಡಿ ಪ್ರಯೋಜನವಿಲ್ಲ. ಅದು ನಿಂತ ನೆಲ ಯಾರ ಹೆಸರಿನಲ್ಲಿದೆ, ಅಂಗಡಿಗಳ ಬಾಡಿಗೆ ಗೊತ್ತುಮಾಡುವವರು ಯಾರು ಎಂದು ಕೇಳಬೇಕು. ಜಪಾನ್ ಸೆಂಟರಿನ ಐದು ದಶಕಗಳಿಗೂ ಮೀರಿದ ಚರಿತ್ರೆ ಹೇಳುವುದು ಇದನ್ನೇ.

ಆ ಚರಿತ್ರೆಯ ಬೇರು ಇರುವುದು 1906ರ ಭೂಕಂಪದಲ್ಲಿ. ಅದುವರೆಗೆ ಚೈನಾಟೌನಿನಲ್ಲೂ ಮಾರ್ಕೆಟ್ ಬೀದಿಯ ದಕ್ಷಿಣಕ್ಕೂ ಚದುರಿ ವಾಸಿಸುತ್ತಿದ್ದ ಜಪಾನಿ ವಲಸಿಗರು ಬೆಂಕಿಯಿಂದ ಉಳಿದುಕೊಂಡಿದ್ದ ವೆಸ್ಟರ್ನ್ ಅಡಿಷನ್ ಬಡಾವಣೆಗೆ ಬಂದು ನೆಲೆಸಿದರು. 1940ರ ಹೊತ್ತಿಗೆ ಅಲ್ಲಿ ಜಪಾನಿ ಮೂಲದವರು 5000ಕ್ಕೂ ಹೆಚ್ಚಿದ್ದರು. ಅವರ ಅಂಗಡಿ-ಮುಂಗಟ್ಟುಗಳು 200 ದಾಟಿದ್ದವು. ಪಗೋಡದಂಥ ಗುರುತು ಯಾವುದೂ ಆಗ ಇರಲಿಲ್ಲ. ಸಾಲು ಸಾಲಾಗಿ ನಿಂತಿದ್ದ ಮರದ ವಿಕ್ಟೋರಿಯನ್ ಮನೆಗಳ ಕೆಳಗೆ ಅಂಗಡಿ, ಮೇಲೆ ಸಂಸಾರ. ಆದರೆ ಕಾನೂನು ಅವರ ಪರವಾಗಿರಲಿಲ್ಲ. ಜಪಾನಿನಿಂದ ಬಂದ ಮೊದಲ ತಲೆಮಾರಿನವರು ಎಷ್ಟು ವರ್ಷ ಬಾಳಿದರೂ 1952ರವರೆಗೆ ಅಮೆರಿಕದ ಪೌರತ್ವ ಪಡೆಯುವಂತಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ಕ್ಯಾಲಿಫೋರ್ನಿಯಾ 1913ರಲ್ಲೇ ನಿಷೇಧಿಸಿತ್ತು. (ನಮ್ಮವರೂ ಇದೇ ಸಾಲಿನಲ್ಲಿದ್ದರು: ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೂ ಬಾಗಿಲು ಮುಚ್ಚಿತು.) 1942ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆಜ್ಞೆ ಉಳಿದದ್ದನ್ನೂ ಕಿತ್ತುಕೊಂಡಿತು. ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಮಂದಿಯನ್ನು ಎಬ್ಬಿಸಿ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡು ಪಾಲು ಹುಟ್ಟಿನಿಂದಲೇ ಅಮೆರಿಕದ ಪೌರರು. ಸ್ಯಾನ್ ಫ್ರಾನ್ಸಿಸ್ಕೋದವರಲ್ಲಿ ಹೆಚ್ಚಿನವರು ಮೊದಲು ಟ್ಯಾನ್‌ಫೊರಾನ್ ರೇಸ್‌ಕೋರ್ಸಿಗೆ ಹೋದರು. ಅಲ್ಲಿ ಕುದುರೆ ಲಾಯಗಳಲ್ಲೂ ಸಂಸಾರ ಹೂಡಬೇಕಾಯಿತು. ಆಮೇಲೆ ಯೂಟಾದ ಮರುಭೂಮಿಯ ಟೊಪಾಜ್ ಶಿಬಿರ. ಸರ್ಕಾರ ಇದಕ್ಕೆ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ.

ಖಾಲಿಯಾದ ಮನೆಗಳಿಗೆ ಯುದ್ಧಕಾಲದ ಹಡಗುಕಟ್ಟೆಗಳ ಕೆಲಸ ಅರಸಿ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪುಜನರು ಬಿಡಾರ ಹೂಡಿದರು. ಪಕ್ಕದ ಫಿಲ್‌ಮೋರ್ ಬೀದಿ ಜಾಝ್ ಸಂಗೀತದ ಬೀದಿಯಾಯಿತು. ಜಿಂಬೋಸ್ ಬಾಪ್ ಸಿಟಿ ಎಂಬ ಹೆಸರಾಂತ ಕ್ಲಬ್ಬು ಈಗ ಸೆಂಟರಿಗೆ ತಾಗಿರುವ ಪೋಸ್ಟ್ ಬೀದಿಯಲ್ಲೇ ಇತ್ತು. ಶಿಬಿರಗಳಿಂದ ಮರಳಿದ ಜಪಾನಿ ಕುಟುಂಬಗಳು ಇವರ ನಡುವೆಯೇ ಜಾಗ ಮಾಡಿಕೊಂಡವು. ಹೀಗೆ ಎರಡು ಸಮುದಾಯಗಳು ಒತ್ತೊತ್ತಾಗಿ ಬದುಕತೊಡಗಿದ ಬಡಾವಣೆಯನ್ನು ನಗರಾಡಳಿತ ಕೊಳೆಗೇರಿ ಎಂದು ಘೋಷಿಸಿತು. ಎ-1 ಎಂಬ ಪುನರ್ನಿರ್ಮಾಣ ಯೋಜನೆಗೆ 1956ರಲ್ಲಿ ಒಪ್ಪಿಗೆ ಸಿಕ್ಕಿತು. 1959ರಿಂದ ಪುನರ್ನಿರ್ಮಾಣ ಸಂಸ್ಥೆಯ ಚುಕ್ಕಾಣಿ ಹಿಡಿದ ಜಸ್ಟಿನ್ ಹರ್ಮನ್ ಅದನ್ನು ಎಗ್ಗಿಲ್ಲದೆ ಜಾರಿಗೊಳಿಸಿದರು. ಗಿಯರಿ ಬೀದಿ ಅಗಲವಾಗಿ ಹೆದ್ದಾರಿಯ ರೂಪ ತಳೆಯಿತು. ನಂತರದ ಎ-2 ಯೋಜನೆಯೂ ಸೇರಿ ಸುಮಾರು 2500 ವಿಕ್ಟೋರಿಯನ್ ಮನೆಗಳು ನೆಲಸಮವಾದವು. ಎದ್ದುಹೋದವರ ಕೈಗೆ, ಹೊಸದು ಕಟ್ಟಿದ ಮೇಲೆ ಮರಳಿ ಬರಲು ಆದ್ಯತೆ ಕೊಡುವುದಾಗಿ ಹೇಳುವ ಪ್ರಮಾಣಪತ್ರಗಳನ್ನು ಕೊಡಲಾಯಿತು. ಹಾಗೆ ಮರಳಿದವರು ಬಹಳ ಕಡಿಮೆ.

ಈ ತೆರವಾದ ನೆಲದ ಸುಮಾರು ಐದು ಎಕರೆಯಲ್ಲಿ ಎದ್ದದ್ದು ಜಪಾನ್ ಸೆಂಟರ್. 1968ರ ಮಾರ್ಚ್‌ನಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಜಪಾನೀಸ್ ಕಲ್ಚರಲ್ ಅಂಡ್ ಟ್ರೇಡ್ ಸೆಂಟರ್. ಆ ಹೆಸರಿನಲ್ಲೇ ಉದ್ದೇಶ ಬಿಚ್ಚಿಕೊಳ್ಳುತ್ತದೆ. ಯುದ್ಧಕಾಲದ ಶತ್ರು ಈಗ ವ್ಯಾಪಾರದ ಮಿತ್ರನಾಗಿದ್ದ. ನಗರಕ್ಕೆ ಪ್ರವಾಸಿಗರು ಬೇಕಿದ್ದರು, ಜಪಾನಿನ ಕಂಪನಿಗಳಿಗೆ ಸರಕು ತೋರಿಸಲು ಮಳಿಗೆ ಬೇಕಿತ್ತು. 1957ರಲ್ಲಿ ಸೋದರಿ ನಗರವಾದ ಒಸಾಕಾ ಪಗೋಡವನ್ನು ಉಡುಗೊರೆ ಕೊಟ್ಟಿತು. ಅದನ್ನು ವಿನ್ಯಾಸ ಮಾಡಿದವರು ಟೋಕಿಯೊದ ಒಕುರಾ ಹೋಟೆಲಿನ ಹಜಾರದಿಂದ ಹೆಸರಾದ ಯೊಶಿರೊ ತಾನಿಗುಚಿ. ಇಡೀ ಸಮುಚ್ಚಯದ ವಾಸ್ತುಶಿಲ್ಪಿ ಮಿನೊರು ಯಮಸಾಕಿ, ನ್ಯೂಯಾರ್ಕಿನ ಅವಳಿ ಗೋಪುರಗಳನ್ನು ರೂಪಿಸಿದವರು. ಯಮಸಾಕಿ ಸಿಯಾಟಲ್‌ನಲ್ಲಿ ಹುಟ್ಟಿದ ವಲಸಿಗರ ಮಗ. 1942ರಲ್ಲಿ ತಂದೆತಾಯಿ ಶಿಬಿರದ ಪಾಲಾಗದಂತೆ ನ್ಯೂಯಾರ್ಕಿನ ತಮ್ಮ ಮನೆಗೆ ಕರೆಸಿಕೊಂಡವರು. ಅಂಥ ಹಿನ್ನೆಲೆಯ ವ್ಯಕ್ತಿ ಕಟ್ಟಿದ ಸೆಂಟರ್ ಗಿಯರಿ ರಸ್ತೆಗೆ ಬೆನ್ನು ಮಾಡಿಕೊಂಡು ಒಳಮುಖವಾಗಿ ಕುಳಿತಿದೆ. ಹೊರಗೋಡೆಗಳು ಬೋಳು. ಪಗೋಡದ ಸುತ್ತಲಿನ ಬಯಲಿನಂಥ ಪೀಸ್ ಪ್ಲಾಜಾದಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ. ಕಟ್ಟಡವಾಗಿ ನೋಡಿದರೆ ಇದು ಯಮಸಾಕಿಯವರ ಒಳ್ಳೆಯ ಕೃತಿಗಳ ಸಾಲಿಗೆ ಸೇರದು.

ಬಡಾವಣೆ ನಿಜಕ್ಕೂ ಹಾಳಾಗಿತ್ತಲ್ಲ, ಏನಾದರೂ ಮಾಡಲೇಬೇಕಿತ್ತಲ್ಲ ಎಂಬ ಮಾತಿದೆ. ಮನೆಗಳು ಹಳತಾಗಿದ್ದವು, ಕಿಕ್ಕಿರಿದಿದ್ದವು, ನಿಜ. ಆದರೆ ಕಿಕ್ಕಿರಿದದ್ದು ಏಕೆ? ಕಪ್ಪುಜನರಿಗೂ ಏಷ್ಯನ್ನರಿಗೂ ನಗರದ ಬೇರೆ ಎಷ್ಟೋ ಬಡಾವಣೆಗಳಲ್ಲಿ ಮನೆ ಕೊಡುತ್ತಿರಲಿಲ್ಲ. ಮತ್ತೂ ಒಂದು ಸಾಕ್ಷಿ ಅದೇ ಊರಿನಲ್ಲಿದೆ. ಕೆಡವದೆ ಉಳಿದ ಅದೇ ಕಾಲದ, ಅದೇ ಮಾದರಿಯ ಮರದ ಮನೆಗಳು ಇಂದು ಸ್ಯಾನ್ ಫ್ರಾನ್ಸಿಸ್ಕೋದ ಅತಿ ದುಬಾರಿ ಮನೆಗಳಲ್ಲಿ ಸೇರಿವೆ. ದುರಸ್ತಿ ಸಾಧ್ಯವಿತ್ತು. ಕೆಡವಿ ಕಟ್ಟಿದ್ದರಿಂದ ಆದದ್ದೆಂದರೆ, ನೆಲ ನೂರಾರು ಸಣ್ಣ ಮಾಲೀಕರಿಂದ ಕೆಲವೇ ದೊಡ್ಡ ಕೈಗಳಿಗೆ ದಾಟಿತು. ಬೀದಿಯಂಗಡಿಯ ಬಾಡಿಗೆಗೆ ಒಗ್ಗಿದ್ದ ಸಣ್ಣ ವ್ಯಾಪಾರಿಗೆ ಹೊಸ ಮಾಲಿನ ಬಾಡಿಗೆ ಎಟುಕಲಿಲ್ಲ. ದೊಡ್ಡ ಯೋಜನೆಗಳೂ ಅಂದುಕೊಂಡಂತೆ ನಡೆಯಲಿಲ್ಲ ಎಂಬುದು ಬೇರೆ ಮಾತು. ಊಟದ ಜೊತೆ ಜಪಾನಿ ರಂಗಪ್ರದರ್ಶನ ತೋರಿಸಲೆಂದು ಕಟ್ಟಿದ ಕಬುಕಿ ಥಿಯೇಟರ್ ಬೇಗನೆ ಸೋತು, ರಾಕ್ ಸಂಗೀತ ಕಚೇರಿಗಳ ತಾಣವಾಗಿ, 1986ರಲ್ಲಿ ಎಂಟು ತೆರೆಗಳ ಸಿನಿಮಾ ಮಂದಿರವಾಯಿತು. ಆ ರೂಪದಲ್ಲಿ ಅದು ಗೆದ್ದಿತು. ಸ್ಯಾನ್ ಫ್ರಾನ್ಸಿಸ್ಕೋ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಹುಕಾಲ ಮುಖ್ಯ ವೇದಿಕೆಯಾಗಿತ್ತು. ಕಿನೊಕುನಿಯಾ ಅಮೆರಿಕದ ತನ್ನ ಮೊದಲ ಅಂಗಡಿಯನ್ನು ತೆರೆದದ್ದೂ 1969ರಲ್ಲಿ, ಇಲ್ಲೇ.

ಇಷ್ಟಾದರೂ ಜಪಾನ್ ಸೆಂಟರನ್ನು ಬರೀ ಅನ್ಯಾಯದ ಸ್ಮಾರಕವೆಂದು ಬದಿಗಿಟ್ಟರೆ ಕಥೆಯ ಅರ್ಧ ತಪ್ಪಿಹೋಗುತ್ತದೆ. ಯಾರನ್ನು ಎಬ್ಬಿಸಿ ಇದನ್ನು ಕಟ್ಟಿದರೋ ಅವರೇ ಇದನ್ನು ಬಳಸತೊಡಗಿದರು. ಸೆಂಟರ್ ತೆರೆದ 1968ರಲ್ಲೇ ವಸಂತದ ಚೆರ್ರಿ ಹೂವಿನ ಹಬ್ಬವೂ ಶುರುವಾಯಿತು. ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಎರಡು ವಾರಾಂತ್ಯ ನಡೆಯುತ್ತದೆ. ತೈಕೊ ಡೋಲುಗಳು, ಪಲ್ಲಕ್ಕಿಯಂತೆ ಹೊತ್ತು ಸಾಗುವ ಮಿಕೋಶಿ, ಕೊನೆಯ ದಿನದ ಮೆರವಣಿಗೆ ಎಲ್ಲಕ್ಕೂ ಆ ಗಾಳಿಯ ಬಯಲೇ ಅಂಗಳ. ಬಾಡಿಗೆಗಿರುವ ವೃದ್ಧರನ್ನೂ ಸಣ್ಣ ವ್ಯಾಪಾರಿಗಳನ್ನೂ ಎಬ್ಬಿಸುವುದರ ವಿರುದ್ಧ 1973ರಲ್ಲಿ ಯುವಕರು ಸಮಿತಿ ಕಟ್ಟಿ ಬೀದಿಗಿಳಿದರು. ಪೋಸ್ಟ್ ಬೀದಿಯ ಆಚೆ ಬುಕಾನನ್ ಬೀದಿಯ ಒಂದು ಬ್ಲಾಕು 1976ರಲ್ಲಿ ಕಾಲ್ನಡಿಗೆಯ ಬೀದಿಯಾದಾಗ ಅಲ್ಲಿ ಜಾಗ ಹಿಡಿದವು ಬಹುಪಾಲು ಊರಿನವರದೇ ಅಂಗಡಿಗಳು. ಒರಿಗಾಮಿ ಮಡಿಕೆಗಳ ಆಕಾರದ ಎರಡು ಕಾರಂಜಿಗಳನ್ನು ಅಲ್ಲಿ ನಿಲ್ಲಿಸಿದವರು ಶಿಲ್ಪಿ ರೂತ್ ಅಸಾವಾ. ಹದಿಹರೆಯದಲ್ಲಿ ಆಕೆಯೂ ಸಾಂಟಾ ಅನಿಟಾ ರೇಸ್‌ಕೋರ್ಸಿನಲ್ಲಿ, ಆಮೇಲೆ ಅರ್ಕನ್ಸಾದ ರೋವರ್ ಶಿಬಿರದಲ್ಲಿ ಬಂಧಿಯಾಗಿದ್ದವರು. ಉಕ್ಕಿನ ಆ ಕಾರಂಜಿಗಳು ತುಕ್ಕು ಹಿಡಿದಾಗ 1999ರಲ್ಲಿ ಕಂಚಿನಲ್ಲಿ ಮತ್ತೆ ಎರಕ ಹೊಯ್ಯಲಾಯಿತು. ಈ ಕಾರಂಜಿಗಳ ಪಕ್ಕ ನಿಂತು ಪಗೋಡದತ್ತ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದು ರಾಜತಾಂತ್ರಿಕ ಉಡುಗೊರೆ, ಇನ್ನೊಂದು ಅಲ್ಲಿನ ಬದುಕಿನಿಂದಲೇ ಬಂದದ್ದು. ಕೈಯಲ್ಲಿ ಮುಟ್ಟಬಹುದಾದದ್ದು, ಮಕ್ಕಳು ಹತ್ತಿ ಕೂರುವುದು ಎರಡನೆಯದೇ.

ಒಡೆತನದ ಪ್ರಶ್ನೆ ಬೆಳಕಿಗೆ ಬಂದದ್ದು 2006ರಲ್ಲಿ. ಮಾಲುಗಳ ಮಾಲೀಕತ್ವ ಹೊಂದಿದ್ದ ಜಪಾನಿನ ಕಿಂಟೆಟ್ಸು ಸಂಸ್ಥೆಯ ಅಮೆರಿಕ ಶಾಖೆ ಮುಖ್ಯ ಕಟ್ಟಡಗಳನ್ನು ಲಾಸ್ ಏಂಜಲೀಸ್ ಕಡೆಯ 3ಡಿ ಇನ್ವೆಸ್ಟ್‌ಮೆಂಟ್ಸ್ ಎಂಬ ಹೂಡಿಕೆ ಕಂಪನಿಗೆ ಮಾರಿತು. ಸಮುದಾಯ ಗಾಬರಿಗೊಂಡಿತು. ಜಪಾನಿ ಸ್ವರೂಪವನ್ನು ಹದಿನೈದು ವರ್ಷ ಕಾಪಾಡುವ ಕರಾರು ಮಾರಾಟದ ಜೊತೆ ಸೇರಿತು; ನಗರಸಭೆ ಈ ಪ್ರದೇಶಕ್ಕೆ ವಿಶೇಷ ಬಳಕೆಯ ವಲಯದ ನಿಯಮ ತಂದಿತು. 2013ರಲ್ಲಿ ಜಪಾನ್‌ಟೌನ್ ಎಂದೇ ಹೆಸರಾದ ಈ ಬಡಾವಣೆಯ ಸಂಸ್ಕೃತಿ ಮತ್ತು ವ್ಯಾಪಾರ ಉಳಿಸುವ ಕಾರ್ಯನೀತಿಗೂ ಒಪ್ಪಿಗೆ ಸಿಕ್ಕಿತು. ಈ ಆತಂಕಕ್ಕೆ ಕಾರಣವಿದೆ. ಯುದ್ಧಕ್ಕೆ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ನಲವತ್ತಕ್ಕೂ ಹೆಚ್ಚು ಜಪಾನಿ ಬಡಾವಣೆಗಳಿದ್ದವು. ಉಳಿದಿರುವವು ಮೂರೇ: ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೊಸೆ ಮತ್ತು ಲಾಸ್ ಏಂಜಲೀಸ್‌ನ ಲಿಟಲ್ ಟೋಕಿಯೊ.

ಮಾರುಕಟ್ಟೆಗೆ ಬಿಟ್ಟರಾಯಿತಲ್ಲ, ಬರುವ ಗಿರಾಕಿಗಳೇ ಜಪಾನಿಯರಲ್ಲವಲ್ಲ ಎನ್ನುವವರೂ ಇದ್ದಾರೆ. ಜಪಾನಿ-ಅಮೆರಿಕನ್ ಕುಟುಂಬಗಳಲ್ಲಿ ಬಹುಪಾಲು ಉಪನಗರಗಳಿಗೆ ಚದುರಿವೆ. ವಾರಾಂತ್ಯದ ಜಂಗುಳಿಯಲ್ಲಿ ಹೆಚ್ಚಿನವರು ಅನಿಮೆ, ಮಾಂಗಾ, ರಾಮೆನ್ ಅರಸಿ ಬಂದ ಎಲ್ಲ ಬಣ್ಣದ ಹುಡುಗ-ಹುಡುಗಿಯರು. 2009ರಲ್ಲಿ ಪೋಸ್ಟ್ ಬೀದಿಯಲ್ಲಿ ತೆರೆದ ನ್ಯೂ ಪೀಪಲ್ ಕಟ್ಟಡವಂತೂ ಆ ಅಭಿರುಚಿಗೆಂದೇ ಹುಟ್ಟಿದ್ದು. ಇದನ್ನು ಕೊರತೆ ಎಂದು ಎಣಿಸಬೇಕಿಲ್ಲ. ಗಿರಾಕಿ ಎಲ್ಲಿಂದ ಬಂದರೂ ಅವರ ದುಡ್ಡಿನಿಂದ ಹಳೆಯ ಅಂಗಡಿಯೂ ಬದುಕಬಹುದು, ಬಾಡಿಗೆ ಅವನ್ನು ಹೊರದಬ್ಬದಿದ್ದರೆ. ನನ್ನ ವಾದಕ್ಕೆ ಒಂದು ಮಿತಿಯೂ ಇದೆ. ಬುಕಾನನ್ ಬೀದಿಯ ಮೂಲೆಯಲ್ಲಿ ಮೋಚಿ, ಮಂಜು ಎಂಬ ಸಿಹಿತಿಂಡಿ ಮಾಡುತ್ತಿದ್ದ ಬೆಂಕ್ಯೋಡೊ ಶುರುವಾದದ್ದು 1906ರಲ್ಲಿ. ಶಿಬಿರವನ್ನೂ ಪುನರ್ನಿರ್ಮಾಣವನ್ನೂ ದಾಟಿ ಬಂದ ಆ ಅಂಗಡಿ 2022ರ ಮಾರ್ಚ್‌ನಲ್ಲಿ ಮುಚ್ಚಿತು. ನಡೆಸುತ್ತಿದ್ದ ಸೋದರರು ನಿವೃತ್ತರಾದರು. ಬೆಳಗಿನ ಜಾವ ಎದ್ದು ಹಿಟ್ಟು ಕುಟ್ಟುವ ಕೆಲಸಕ್ಕೆ ವಾರಸುದಾರರನ್ನು ಯಾವ ವಲಯ ನಿಯಮವೂ ತಂದುಕೊಡದು. ಆದರೆ ಹೊಸಬರೊಬ್ಬರು ಅಂಥ ಅಂಗಡಿ ಹಾಕಲು ಮುಂದೆ ಬಂದಾಗ ಕೈಗೆಟುಕುವ ಜಾಗವೊಂದು ಸಿಗುವಂತೆ ಮಾಡುವುದು ಕಾನೂನಿಗೆ ಸಾಧ್ಯ.

ಉಡುಗೊರೆ ಕೊಟ್ಟ ಒಸಾಕಾ ಈಗ ದೂರ ಸರಿದಿದೆ. ಜಪಾನಿ ಸೇನೆ ಯುದ್ಧಕಾಲದಲ್ಲಿ ಲೈಂಗಿಕ ಗುಲಾಮಗಿರಿಗೆ ದೂಡಿದ ಮಹಿಳೆಯರ ಸ್ಮಾರಕವೊಂದು 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಲೆಯೆತ್ತಿತು. ಅದಕ್ಕೆ ಮುನಿದ ಒಸಾಕಾದ ಮೇಯರ್ 2018ರಲ್ಲಿ ಅರವತ್ತು ವರ್ಷ ದಾಟಿದ ಸೋದರಿ ಸಂಬಂಧವನ್ನೇ ಕಡಿದುಕೊಂಡರು. ಪಗೋಡ ಎಲ್ಲಿಗೂ ಹೋಗಲಿಲ್ಲ. ಅದರ ಸುತ್ತಲಿನ ಪೀಸ್ ಪ್ಲಾಜಾವನ್ನು ಸರಿಪಡಿಸಲು ಹಣ ಬಂದದ್ದು 2020ರಲ್ಲಿ ನಗರದ ಮತದಾರರು ಒಪ್ಪಿದ ಸಾಲಪತ್ರದಿಂದ. ಅದರಲ್ಲಿ 2.5 ಕೋಟಿ ಡಾಲರ್ ಮೀಸಲಾಗಿ, 2024ರಲ್ಲಿ ಕೆಲಸ ಶುರುವಾಯಿತು. ಪರದೇಶದ ನಗರವೊಂದರ ಸ್ನೇಹದ ಗುರುತಾಗಿದ್ದ ಅಂಗಳದ ಖರ್ಚನ್ನು ಹೀಗೆ ಊರಿನವರೇ ಹೊತ್ತರು. ನನ್ನ ಮಟ್ಟಿಗೆ ಜಪಾನ್ ಸೆಂಟರ್ ಅಸಲಿಯಾದದ್ದು ಇಂಥ ಹಂತಗಳಲ್ಲಿ, 1968ರ ಉದ್ಘಾಟನೆಯ ದಿನದಲ್ಲಲ್ಲ.

ಬೇ ಏರಿಯಾದಲ್ಲಿ ಕನ್ನಡಿಗರ ಮನೆಗಳು ಬಹಳ ಇವೆ. ಮಕ್ಕಳ ಬಳಿ ಕೆಲವು ತಿಂಗಳು ಇದ್ದುಬರಲು ಹೋಗುವ ತಂದೆತಾಯಂದಿರೂ ಕಡಿಮೆಯಿಲ್ಲ. ಹೋಗುವುದಾದರೆ ಏಪ್ರಿಲ್ ಒಳ್ಳೆಯದು. ಸ್ಯಾನ್ ಫ್ರಾನ್ಸಿಸ್ಕೋ ಪೇಟೆಯ ನಡುವಿನಿಂದ 38ನೇ ನಂಬರಿನ ಗಿಯರಿ ಬಸ್ಸು ಹತ್ತಿದರೆ ಸೆಂಟರಿನ ಬೆನ್ನಿಗೇ ಇಳಿಸುತ್ತದೆ. ಮಾಲಿನೊಳಗೇ ಸುತ್ತಾಟ ಮುಗಿಸಬೇಡಿ. ಪೋಸ್ಟ್ ಬೀದಿ ದಾಟಿ ಬುಕಾನನ್ ಬೀದಿಯ ಕಾರಂಜಿಗಳನ್ನು ನೋಡಿ. ಕೊಳ್ಳುವುದಿದ್ದರೆ ದೊಡ್ಡ ಸರಣಿ ಅಂಗಡಿಗಳ ಜೊತೆಗೆ, ಒರಿಗಾಮಿ ಕಾಗದ ಮಾರುವ ಪೇಪರ್ ಟ್ರೀಗೂ 1925ರಲ್ಲಿ ಶುರುವಾದ ಸೋಕೊ ಹಾರ್ಡ್‌ವೇರಿಗೂ ಹೋಗಿ ಬನ್ನಿ.