ಡೆವಲಪರ್ ದ್ರಾವಣದ ಪಾತ್ರ: ಮುದ್ರಣದ ಪ್ಲೇಟಿನಿಂದ ನ್ಯಾನೊ ರೇಖೆಯವರೆಗೆ

ತಾಳಿಕೋಟೆ, ಮುದ್ದೇಬಿಹಾಳಗಳಂತಹ ಊರುಗಳಲ್ಲಿ ಲಗ್ನಪತ್ರಿಕೆ, ಬಿಲ್‌ಬುಕ್ಕುಗಳನ್ನು ಆಫ್‌ಸೆಟ್‌ನಲ್ಲಿ ಮುದ್ರಿಸುವವರಿಗೆ ಪಿ.ಎಸ್. ಪ್ಲೇಟು ಪರಿಚಿತ. ಬೆಳಕಿಗೆ ಒಡ್ಡಿದ ಪಾಸಿಟಿವ್ ಪ್ಲೇಟನ್ನು ಕ್ಷಾರದ್ರಾವಣದಲ್ಲಿ ತೊಳೆದಾಗ ಬೆಳಕು ಬಿದ್ದ ಲೇಪನ ಕರಗಿಹೋಗಿ, ಉಳಿದುದು ಅಕ್ಷರವಾಗಿ ನಿಲ್ಲುತ್ತದೆ. ಚಿಪ್ ತಯಾರಿಕೆಯ 'ರೆಸಿಸ್ಟ್' ಲೇಪನಗಳಲ್ಲಿ ಒಂದು ಮುಖ್ಯ ಬಗೆಯು ಜರ್ಮನಿಯ ಇಂತಹ ಮುದ್ರಣ ಪ್ಲೇಟುಗಳಿಂದಲೇ ಬಂದುದಾಗಿದೆ.

ಡೆವಲಪರ್ ಬೆಳಕು ಬೀಳದ ಭಾಗವನ್ನೂ ಅಲ್ಪಸ್ವಲ್ಪ ಕರಗಿಸುತ್ತದೆ. ಎರಡು ಭಾಗಗಳು ಕರಗುವ ವೇಗದ ಅಂತರ ಹೆಚ್ಚಿದಷ್ಟೂ ರೇಖೆಯ ಅಂಚು ಸ್ಪಷ್ಟ. ದ್ರಾವಣ ಪ್ರಬಲವಾದರೆ ಉಳಿಯಬೇಕಾದುದೂ ಸವೆಯುತ್ತದೆ. ದುರ್ಬಲವಾದರೆ ತಳದಲ್ಲಿ ಕಸ ಉಳಿಯುತ್ತದೆ. ಆದ್ದರಿಂದಲೇ ಚಿಪ್ ಕಾರ್ಖಾನೆಗಳು ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡನ್ನು ಶೇ. 2.38ರ ಪ್ರಮಾಣಕ್ಕೆ ಬಿಗಿಯಾಗಿ ನಿಗದಿಪಡಿಸಿಕೊಂಡಿವೆ. ಅಗ್ಗದ ಕಾಸ್ಟಿಕ್ ಸೋಡಾವೂ ಕರಗಿಸಬಲ್ಲದು. ಆದರೆ ಅದರ ಸೋಡಿಯಂ ಅಂಶ ಚಿಪ್ಪನ್ನು ಕೆಡಿಸುತ್ತದೆ.

ಹಿಂದೆ ಬಳಕೆಯಲ್ಲಿದ್ದ ರಬ್ಬರ್ ಮೂಲದ ರೆಸಿಸ್ಟ್‌ನ ಕಷ್ಟ ಬೇರೆಯೇ ಆಗಿತ್ತು. ಸಾವಯವ ದ್ರಾವಕದಲ್ಲಿ ಉಳಿದ ಭಾಗ ನೆನೆದ ಕಡಲೆಯಂತೆ ಉಬ್ಬಿ, ಪಕ್ಕದ ರೇಖೆಗೆ ಅಂಟಿಕೊಳ್ಳುತ್ತಿತ್ತು. ಸುಮಾರು 2 ಮೈಕ್ರಾನ್‌ಗಿಂತ ಸಣ್ಣ ರೇಖೆಗಳಿಗೆ ಅದು ಒದಗಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವಿದೆ. ಇಂತಹ ಕೇಂದ್ರಗಳಲ್ಲಿ ಎಲೆಕ್ಟ್ರಾನ್ ಕಿರಣದಿಂದ ರೇಖೆ ಬರೆಯಲು ಪಿ.ಎಂ.ಎಂ.ಎ., ಅಂದರೆ ಅಕ್ರಿಲಿಕ್ ಹಾಳೆಯದೇ ಪಾಲಿಮರ್, ರೂಢಿಯಲ್ಲಿದೆ. ಕಿರಣ ತಾಗಿದಲ್ಲಿ ಅದರ ಉದ್ದ ಸರಪಳಿಗಳು ತುಂಡಾಗಿ ಬೇಗ ಕರಗುತ್ತವೆ. ಮೀಥೈಲ್ ಐಸೊಬ್ಯುಟೈಲ್ ಕೀಟೋನ್ 1 ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ 3 ಪಾಲು ಇದರ ಸಾಮಾನ್ಯ ಡೆವಲಪರ್. ಕೀಟೋನ್ ಹೆಚ್ಚಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಅಂಚು ಮಸುಕಾಗುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೊಮೀಟರ್ ಆಗಿರುವಲ್ಲಿ ಈ ಮಸುಕು ಸಣ್ಣ ನಷ್ಟವಲ್ಲ. ದ್ರಾವಣವನ್ನು ತಂಪುಗೊಳಿಸಿ ಬಳಸಿದರೆ ಅಂಚು ಇನ್ನಷ್ಟು ಚೊಕ್ಕವಾಗುತ್ತದೆ. ಆದರೆ ಕಿರಣದ ಪ್ರಮಾಣ, ಅಂದರೆ ಯಂತ್ರದ ಸಮಯ, ಹೆಚ್ಚು ಬೇಕು. ವೆಚ್ಚದ ಲೆಕ್ಕ ಇಲ್ಲಿಯೂ ತಪ್ಪಿದ್ದಲ್ಲ.

ಸಣ್ಣ ಉದ್ಯಮಿಗೆ ಎಟುಕುವ ಉದಾಹರಣೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಅದರ ಡ್ರೈ ಫಿಲ್ಮ್ ರೆಸಿಸ್ಟ್‌ಗೆ ಸುಮಾರು ಶೇ. 1ರ ವಾಷಿಂಗ್ ಸೋಡಾ ನೀರೇ ಡೆವಲಪರ್. ಕರಗಿದ ರೆಸಿಸ್ಟ್ ತುಂಬಿದಂತೆ ದ್ರಾವಣ ಸೊರಗುತ್ತದೆ. ಹಳೆಯದನ್ನೇ ಎಳೆದಾಡಿ ಉಳಿಸಿದ ಹಣ ತಿರಸ್ಕೃತ ಬೋರ್ಡುಗಳಲ್ಲಿ ಹೋಗುತ್ತದೆ. ಪ್ರಬಲ ಕ್ಷಾರದ ಡೆವಲಪರ್‌ಗಳು ಗಾಳಿಯ ಇಂಗಾಲಾಮ್ಲವನ್ನು ಹೀರಿ ಶಕ್ತಿಗುಂದುವುದರಿಂದ ಡಬ್ಬಿಯ ಮುಚ್ಚಳ ಭದ್ರವಾಗಿರಬೇಕು.

ಮೇಲೆ ಹೇಳಿದ ಟೆಟ್ರಾಮೀಥೈಲ್ ರಾಸಾಯನಿಕವನ್ನು ಮಾರುವವರೂ ಕೊಳ್ಳುವವರೂ ಇನ್ನೊಂದು ಸಂಗತಿಯನ್ನು ಅರಿತಿರತಕ್ಕದ್ದು. ಅದರ ಶೇ. 25ರ ದ್ರಾವಣ ಚರ್ಮದ ಮೂಲಕ ದೇಹ ಸೇರಿ ಕಾರ್ಮಿಕರು ಮೃತಪಟ್ಟ ಪ್ರಕರಣಗಳು ತೈವಾನ್‌ನಲ್ಲಿ ವರದಿಯಾಗಿವೆ. ಕೈಗವಸು, ಮುಖಕವಚ, ಒಡನೆಯೇ ತೊಳೆದುಕೊಳ್ಳಲು ಧಾರಾಳ ನೀರು ಇಲ್ಲದ ಗೋದಾಮಿನಲ್ಲಿ ಅದನ್ನು ದಾಸ್ತಾನು ಮಾಡಬಾರದು.